ತಪ್ಪು ನಂದು ಅಂದೆ, ಯಾವುದು ಅಂತ ಹೇಳಲಿಲ್ಲ

ಪ್ರಾಜೆಕ್ಟ್ ಮ್ಯಾನೇಜರ್ ಅಂತ ಬಡ್ತಿ ಸಿಕ್ಕ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಪ್ರಾಜೆಕ್ಟ್ ಅಂದ್ರ ಯಾವುದೋ? ಕಳಸಾ-ಬಂಡೂರಿ ಏನು?" ಅಂತ ಕೇಳಿದ.

ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ ಇವತ್ತಿಗೂ ಗೊತ್ತಿಲ್ಲ. ನಮ್ಮೂರು ತಂಬೂರ. ಬೆಂಗಳೂರಲ್ಲಿ ಹೆಸರು ಹೇಳಿದರೆ "ತಂಬೂರಿನಾ?" ಅಂತ ನಗುತ್ತಾರೆ. ಧಾರವಾಡ ಜಿಲ್ಲೆ, ಕಲಘಟಗಿ ತಾಲ್ಲೂಕು ಅಂದರೆ ಕೆಲವರಿಗೆ ಕಲಘಟಗಿ ತೊಟ್ಟಿಲು ನೆನಪಾಗುತ್ತದೆ. ದೇವಿಕೊಪ್ಪದ ಕಾಡು ಹತ್ತಿರ ಇರೋದರಿಂದ ನಮ್ಮ ಕಡೆ ಮಳೆ ತಕ್ಕಮಟ್ಟಿಗೆ ಆಗುತ್ತದೆ. ಆದರೆ ಅವ್ವನ ತವರು ನವಲಗುಂದದ ಕಡೆ. ಅಲ್ಲಿ ಎರಿ ಹೊಲ, ಆಕಾಶ ನೋಡುವ ಜನ. ಅಲ್ಲಿಯವರಿಗೆ ಪ್ರಾಜೆಕ್ಟ್ ಅಂದರೆ ಒಂದೇ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸೋದು. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ಬಂತು. 2015ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟ್ 14ರಂದು ತೀರ್ಪು ಬಂದು ರಾಜ್ಯಕ್ಕೆ 13.42 ಟಿಎಂಸಿ ಅಂತಾಯಿತು, ಅದರಲ್ಲಿ ಈ ಎರಡು ಹಳ್ಳಗಳದ್ದು 3.9. "ಇನ್ನೇನ್ ಬಂತ ಬಿಡು ನೀರು" ಅನ್ನೋ ನಮ್ಮ ಸೋದರಮಾವನ ಮಾತನ್ನು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಕೇಳಿದ್ದೇನೆ.

ಹಾಗಾಗಿ ಅಪ್ಪನ ಲೆಕ್ಕದಲ್ಲಿ ಪ್ರಾಜೆಕ್ಟ್ ಅಂದರೆ ಎಲ್ಲರೂ ಎದೆ ತಟ್ಟಿ "ಅದು ನಮ್ಮ ಜವಾಬ್ದಾರಿ" ಅನ್ನುವ, ಯಾಕೆ ಆಗಲಿಲ್ಲ ಅಂತ ಕೇಳಿದರೆ ಯಾರೂ ಬಿಡಿಸಿ ಹೇಳದ ಕೆಲಸ. ಅವತ್ತು ನಕ್ಕು ಫೋನಿಟ್ಟೆ. ಆ ವ್ಯಾಖ್ಯೆ ನನಗೂ ಸರಿಯಾಗಿ ಹೊಂದುತ್ತದೆ ಅಂತ ತಿಳಿಯೋಕೆ ನಾಲ್ಕು ವರ್ಷ ಬೇಕಾಯಿತು.

ನಮ್ಮ ಕೆಲಸದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಗುರುವಾರ ಪ್ರಾಜೆಕ್ಟ್ ಮ್ಯಾನೇಜರ್ ಒಂದು ಸ್ಟೇಟಸ್ ರಿಪೋರ್ಟ್ ಕಳಿಸಬೇಕು. ಒಂದೊಂದು ಕೆಲಸದ ಮುಂದೆ ಒಂದೊಂದು ಬಣ್ಣ. ಗ್ರೀನ್ ಅಂದರೆ ಸರಿಯಾಗಿದೆ. ಅಂಬರ್ ಅಂದರೆ ತೊಂದರೆ ಕಾಣ್ತಿದೆ. ರೆಡ್ ಅಂದರೆ ಕೆಟ್ಟಿದೆ. ನಿಯಮ ಇಷ್ಟು ಸರಳ. ಆದರೆ ಅಂಬರ್ ಹಾಕಿದರೆ ಮೇಲಿನವರಿಂದ ಫೋನ್ ಬರುತ್ತದೆ, ಇನ್ನೊಂದು ಮೀಟಿಂಗ್ ಬೀಳುತ್ತದೆ, "ಗ್ರೀನ್ ಮಾಡೋಕೆ ಏನು ಪ್ಲ್ಯಾನ್?" ಅಂತ ಕೇಳುತ್ತಾರೆ. ಪ್ಲ್ಯಾನ್ ಬರೆಯೋದಕ್ಕಿಂತ ಬಣ್ಣ ಬದಲಿಸೋದು ಸುಲಭ ಅಂತ ಎಲ್ಲರೂ ಬೇಗ ಕಲಿತುಬಿಡ್ತಾರೆ. ನಮ್ಮ ಉದ್ಯೋಗದಲ್ಲಿ ಇಂಥ ರಿಪೋರ್ಟಿಗೆ ಕಲ್ಲಂಗಡಿ ಅಂತಲೇ ಹೆಸರಿದೆ. ಹೊರಗೆ ಹಸಿರು, ಕೊಯ್ದರೆ ಕೆಂಪು.

ಇದರ ಜೊತೆಗೆ ನನ್ನಂಥವನಿಗೆ ಭಾಷೆಯ ಪೀಕಲಾಟವೂ ಇದೆ. ನಮ್ಮ ಕಡೆ ಯಾರಾದರೂ ಏನಾದರೂ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ "ಆಗಂಗಿಲ್ಲ" ಅನ್ನೋದಿಲ್ಲ. "ನೋಡೂಣ್ರಿ" ಅಂತೀವಿ. ನೋಡೂಣು ಅಂದರೆ ಇಲ್ಲ ಅಂತ ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಅದೇ ಮಾತನ್ನು ಕ್ಲೈಂಟ್ ಕಾಲ್‌ನಲ್ಲಿ "ವಿ ವಿಲ್ ಟ್ರೈ" ಅಂದರೆ, ಕಾಲ್ ಮುಗಿದ ಮೇಲೆ ಬರುವ ಮೇಲ್‌ನಲ್ಲಿ "ತಂಡ ಒಪ್ಪಿಕೊಂಡಿದೆ" ಅಂತ ಇರುತ್ತದೆ. ಮೊದಮೊದಲು ಇದು ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಅರ್ಥವಾಯಿತು, ಆದರೂ ತಿದ್ದಲಿಲ್ಲ. ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ, ಎಜುಕೇಶನ್ ಲೋನ್ ತಲೆ ಮೇಲೆ ಹೊತ್ತು ಬೆಂಗಳೂರಿಗೆ ಬಂದವನು ನಾನು. ಹತ್ತು ಜನ ಇಂಗ್ಲಿಷಿನಲ್ಲಿ ಮಾತಾಡ್ತಿರುವಾಗ ನಡುವೆ ಕೈ ಎತ್ತಿ "ಹಾಗಲ್ಲ" ಅನ್ನೋದು ಸಣ್ಣ ಕೆಲಸವಾಗಿರಲಿಲ್ಲ.

ಇನ್ನು ನಡೆದದ್ದು. ಕಂಪನಿಯ ಹೆಸರು, ಕ್ಲೈಂಟಿನ ಹೆಸರು ಬೇಡ. ಒಂದು ಆರೋಗ್ಯ ವಿಮೆಯ ಹಳೆಯ ದಾಖಲೆಗಳನ್ನು ಹೊಸ ಸಿಸ್ಟಮ್‌ಗೆ ಸಾಗಿಸುವ ಕೆಲಸ. ನಾವು ಹನ್ನೊಂದು ಜನ. ಟೆಸ್ಟಿಂಗ್ ನೋಡುತ್ತಿದ್ದವಳು ತುಮಕೂರಿನ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಇದನ್ನು ಬರೆಯುವ ಮೊದಲು ನಿನ್ನ ಹೆಸರು ಹಾಕಲಾ ಅಂತ ಕೇಳಿದೆ. ಬೇಡ ಅಂದಳು.

ಒಂದು ಮಂಗಳವಾರ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಪರೀಕ್ಷೆಗೆ ಅಂತ ಸಾಗಿಸಿದ ದಾಖಲೆಗಳಲ್ಲಿ ಕೆಲವು ಒಳಗೆ ಹೋಗದೆ ಬಿದ್ದಿದ್ದವು. ಕಾರಣ ಹುಡುಕಿದರೆ, ಯಾವುದೋ ಕಾಲದ ಒಂದು ಹಳೆಯ ತಂತ್ರಾಂಶದಲ್ಲಿ ದಿನಾಂಕವನ್ನು ಅಮೆರಿಕದವರ ಥರ ತಿಂಗಳು ಮೊದಲು, ದಿನ ಆಮೇಲೆ ಬರೆದಿದ್ದರು. ನಮ್ಮ ಪ್ರೋಗ್ರಾಂ ದಿನ ಮೊದಲು ಅಂತ ಓದುತ್ತಿತ್ತು. 25ನೇ ತಾರೀಖು ಇದ್ದರೆ 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ದಾಖಲೆ ಬೀಳುತ್ತಿತ್ತು. "ಬಿದ್ದಿದ್ದನ್ನ ಸರಿ ಮಾಡಬಹುದು, ಅದು ಕಾಣುತ್ತೆ," ಅಂದಳು. "ತಾರೀಖು ಹನ್ನೆರಡರೊಳಗೆ ಇದ್ರೆ ಬೀಳಲ್ಲ. ತಪ್ಪಾಗೇ ಒಳಗೆ ಹೋಗಿ ಕೂತ್ಕೊಳತ್ತೆ. ಅದನ್ನ ಹ್ಯಾಗೆ ಹುಡುಕೋದು?"

ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಹನ್ನೆರಡು ತಿಂಗಳು, ಒಂದೊಂದರಲ್ಲಿ ಮೊದಲ ಹನ್ನೆರಡು ದಿನ. ಒಟ್ಟು 144. ಅದರಲ್ಲಿ ಜನವರಿ 1, ಫೆಬ್ರವರಿ 2, ಈ ಥರ ತಿರುಗಿಸಿದರೂ ಅದೇ ಉಳಿಯುವಂಥವು 12. ಉಳಿದ 132 ದಿನಗಳು ಸದ್ದಿಲ್ಲದೆ ಬದಲಾಗಿ ಹೋಗುತ್ತವೆ. ಅಂದರೆ ಆ ಹಳೆಯ ದಾಖಲೆಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದು. "ಮೂಲ ಕಾಗದ ತರಿಸಿ ಒಂದೊಂದೇ ನೋಡಬೇಕು. ಮೂರು ವಾರ ಕೊಡಿ," ಅಂದಳು.

ಸಾಗಿಸುವ ದಿನ ಹನ್ನೊಂದು ದಿನ ದೂರ ಇತ್ತು. ಆ ದಿನಾಂಕವನ್ನು ಮೇಲಿನವರು ಯಾವತ್ತೋ ಕ್ಲೈಂಟಿಗೆ ಹೇಳಿಯಾಗಿತ್ತು. ನಾನು ಮೂರು ವಾರ ಅಂತ ಕೇಳಲಿಲ್ಲ. ಬೇರೆ ಪ್ರಾಜೆಕ್ಟಿನಿಂದ ಇಬ್ಬರನ್ನು ತಂದು ಅವಳ ಜೊತೆ ಕೂರಿಸಿದೆ. ಐಬಿಎಂನ ಓಎಸ್/360 ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ 'ದಿ ಮಿಥಿಕಲ್ ಮ್ಯಾನ್-ಮಂತ್' ಬರೆದು, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಎಚ್ಚರಿಸಿದ್ದಾರೆ. ಈ ಮಾತನ್ನು ನಾನೇ ತಂಡಕ್ಕೆ ಸ್ಲೈಡ್ ಹಾಕಿ ಹೇಳಿಕೊಟ್ಟಿದ್ದೆ. ಹೊಸಬರಿಬ್ಬರಿಗೆ ಕೆಲಸ ಕಲಿಸೋದರಲ್ಲೇ ಅವಳ ಎರಡು ದಿನ ಹೋಯಿತು.

ಗುರುವಾರದ ರಿಪೋರ್ಟಿಗೆ ಅವಳು ತನ್ನ ಸಾಲು ಬರೆದು ಕಳಿಸಿದಳು. ಅಂಬರ್. ಮುಂದೆ, "ಹಳೆಯ ದಿನಾಂಕಗಳ ಪರಿಶೀಲನೆ ಬಾಕಿ, ಮೂರು ವಾರ ಬೇಕು." ನಾನು ಅದನ್ನು ಗ್ರೀನ್ ಮಾಡಿ, "ಪರಿಶೀಲನೆ ನಡೆಯುತ್ತಿದೆ" ಅಂತ ಬರೆದು ಕಳಿಸಿದೆ. ಬರೆದ ಮಾತು ಸುಳ್ಳಲ್ಲ ಅಂತ ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ಪರಿಶೀಲನೆ ನಡೆಯುತ್ತಲೇ ಇತ್ತಲ್ಲ.

ಶನಿವಾರ ರಾತ್ರಿ ಸಾಗಿಸಿದೆವು. ಎಲ್ಲ ಸುಸೂತ್ರ, ಗ್ರೂಪಿನಲ್ಲಿ ಚಪ್ಪಾಳೆ ಇಮೋಜಿ. ನಾಲ್ಕನೇ ದಿನ ದೂರುಗಳು ಬರೋಕೆ ಶುರುವಾದವು. ಅದರಲ್ಲಿ ಒಂದನ್ನು ನಾನು ಮರೆಯೋದಿಲ್ಲ. ಒಬ್ಬ ಹಿರಿಯರ ಪಾಲಿಸಿ ನವೆಂಬರ್ 3ರ ತನಕ ಇತ್ತು. ಹಳೆಯ ದಾಖಲೆಯಲ್ಲಿ ಅದು 11/03. ನಮ್ಮ ಹೊಸ ಸಿಸ್ಟಮ್ ಅದನ್ನು ಮಾರ್ಚ್ 11 ಅಂತ ಓದಿ ಕೂತಿತ್ತು. ಆಗ ಜೂನ್ ತಿಂಗಳು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಕೌಂಟರಿನಲ್ಲಿ "ನಿಮ್ಮ ಪಾಲಿಸಿ ಮುಗಿದಿದೆ, ಕ್ಯಾಶ್‌ಲೆಸ್ ಆಗಲ್ಲ" ಅಂದಿದ್ದರು. ಮಗ ಎರಡು ದಿನ ಓಡಾಡಿ ದುಡ್ಡು ಹೊಂದಿಸಿ ಬಿಲ್ ಕಟ್ಟಿದ್ದ. ದುಡ್ಡು ಆಮೇಲೆ ವಾಪಸ್ ಹೋಯಿತು. ದೂರಿನ ಟಿಕೆಟ್ಟಿನಲ್ಲಿ ಇದಕ್ಕೆ ಎರಡು ಸಾಲು. ಆ ಎರಡು ದಿನ ಹೇಗಿರುತ್ತವೆ ಅಂತ ನನಗೆ ಗೊತ್ತು. ನಮ್ಮ ಅಜ್ಜನನ್ನು ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿದ್ದಾಗ ಅಪ್ಪ ಸಂಜೆ ಹೊತ್ತು ಯಾರ್ಯಾರ ಕಟ್ಟಿ ಮೇಲೆ ಹೋಗಿ ಕೂತು ಬಂದ ಅಂತ ನೋಡಿದವನು ನಾನು.

ಮರುವಾರ ದೊಡ್ಡ ಕಾಲ್. ನಮ್ಮವರು, ಕ್ಲೈಂಟ್ ಕಡೆಯವರು ಸೇರಿ ಇಪ್ಪತ್ತು ಜನ. ಏನಾಯಿತು ಅಂತ ಕೇಳಿದಾಗ ಟೆಸ್ಟಿಂಗ್‌ನ ಕಡೆ ಬೆಟ್ಟು ಹೋಗುವ ಹಾಗಿತ್ತು. ನಾನು ಮೈಕ್ ಆನ್ ಮಾಡಿ, "ಇದರ ಪೂರ್ತಿ ಹೊಣೆ ನನ್ನದು, ತಂಡದ್ದಲ್ಲ" ಅಂದೆ. ಹೇಳುವಾಗ ಎದೆ ಡವಗುಟ್ಟುತ್ತಿತ್ತು, ನಾಟಕ ಆಡಿದ್ದಲ್ಲ. ಕಾಲ್ ತಣ್ಣಗಾಯಿತು. ಸಂಜೆ ಮೇಲಿನವರಿಂದ ಮೇಲ್ ಬಂತು. ಓನರ್‌ಶಿಪ್ ಅಂದರೆ ಇದು, ಎಲ್ಲರೂ ಕಲೀಬೇಕು ಅಂತ. ಆ ವರ್ಷದ ಅಪ್ರೈಸಲ್‌ನಲ್ಲೂ ಅದೇ ಮಾತು ಬರೆದರು.

ಎರಡು ದಿನ ಬಿಟ್ಟು ಕಾಫಿ ಮೆಶೀನಿನ ಹತ್ತಿರ ಆ ಹುಡುಗಿ ಸಿಕ್ಕಳು. ಥ್ಯಾಂಕ್ಸ್ ಹೇಳುತ್ತಾಳೆ ಅಂತ ಒಳಗೊಳಗೆ ಅಂದುಕೊಂಡಿದ್ದೆ, ಯಾಕೆ ಸುಳ್ಳು ಹೇಳಲಿ. ಅವಳು ಕಪ್ ನೋಡುತ್ತಾ ಹೇಳಿದಳು: "ನೀವು ತಪ್ಪು ನಂದು ಅಂದ್ರಿ. ಯಾವ ತಪ್ಪು ಅಂತ ಹೇಳ್ಲಿಲ್ಲ."

ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ನಿನ್ನ ಮೇಲೆ ಬರೋದನ್ನ ನನ್ನ ಮೇಲೆ ಹಾಕಿಕೊಂಡಿದ್ದೀನಿ, ಇನ್ನೇನು ಬೇಕು ಅನ್ನಿಸಿತು. ಆದರೆ ಮುಂದಿನ ರಿಲೀಸ್ ಬಂದಾಗ ಅವಳು ಗುರುವಾರದ ಸಾಲುಗಳನ್ನು ಕಳಿಸಿದಳು. ಎಲ್ಲ ಗ್ರೀನ್. ಅದರ ಮುಂದಿನ ವಾರವೂ ಎಲ್ಲ ಗ್ರೀನ್. ಅವಳ ಕೆಲಸ ನನಗೆ ಗೊತ್ತು. ಅಷ್ಟು ಗ್ರೀನ್ ಇರೋಕೆ ಸಾಧ್ಯವೇ ಇರಲಿಲ್ಲ. ಬಣ್ಣ ಬದಲಿಸುವ ಕೆಲಸ ನನಗೆ ಉಳಿಯದ ಹಾಗೆ ಅವಳೇ ಬದಲಿಸಿ ಕಳಿಸುತ್ತಿದ್ದಳು. ಸಿಟ್ಟು ಇಳಿದು ಹೆದರಿಕೆ ಶುರುವಾದದ್ದು ಆಗ.

ಹೊಣೆ ಹೊರೋದು ಅಂದರೆ ಏನು ಅಂತ ಆಗ ಮೊದಲ ಸಲ ಕೂತು ಯೋಚನೆ ಮಾಡಿದೆ. ನಾವೆಲ್ಲ ಓದಿರುವ ಒಂದು ಕತೆ ಇದೆ. ವಾಟ್ಸ್ಯಾಪ್‌ನಲ್ಲಿ ನಿಮಗೂ ಬಂದಿರುತ್ತದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲನ್ನು ತಮ್ಮ ಮೇಲೆ ತೆಗೆದುಕೊಂಡವರು ಇಸ್ರೋ ಅಧ್ಯಕ್ಷ ಸತೀಶ್ ಧವನ್, ನಮ್ಮ ಬೆಂಗಳೂರಿನ ಐಐಎಸ್‌ಸಿಯ ನಿರ್ದೇಶಕರೂ ಅವರೇ. 1980ರ ಜುಲೈ 18ರಂದು ಗೆದ್ದಾಗ ಪತ್ರಕರ್ತರ ಮುಂದೆ ಕಲಾಂರನ್ನೇ ಕಳಿಸಿದರು. ಸೋಲು ನಾಯಕನದು, ಗೆಲುವು ತಂಡದ್ದು. ಆ ಕಾಲ್‌ನಲ್ಲಿ ಮೈಕ್ ಆನ್ ಮಾಡುವಾಗ ನನ್ನ ತಲೆಯಲ್ಲಿ ಇದೇ ಕತೆ ಇತ್ತು ಅಂದರೆ ತಪ್ಪಿಲ್ಲ.

ಆದರೆ ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಇನ್ನೊಂದು ಭಾಗವನ್ನು ಕಲಾಂ ತಾವೇ ಸಂದರ್ಶನದಲ್ಲಿ ಹೇಳಿದ್ದಾರೆ. ಉಡಾವಣೆಗೆ ಮೊದಲು ಕಂಪ್ಯೂಟರ್ ತಡೆ ಹಾಕಿತ್ತು. ನಿಯಂತ್ರಣದ ಭಾಗವೊಂದು ಸರಿಯಿಲ್ಲ ಅಂತ ತೋರಿಸುತ್ತಿತ್ತು. ಜೊತೆಗಿದ್ದ ತಜ್ಞರು ಇಂಧನ ಸಾಕಷ್ಟು ಇದೆ, ಚಿಂತೆ ಬೇಡ ಅಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾಯಿಸಿದರು. ರಾಕೆಟ್ ಸಮುದ್ರಕ್ಕೆ ಹೋಯಿತು. ಯಂತ್ರ ಬೇಡ ಅಂದಿತ್ತು, ನಾನು ಮೀರಿದೆ ಅಂತ ಅವರೇ ಹೇಳದೆ ಹೋಗಿದ್ದರೆ ನನ್ನಂಥ ಓದುಗನಿಗೆ ಇದು ತಿಳಿಯುತ್ತಿರಲಿಲ್ಲ. ಧವನ್ ಮಾಡಿದ್ದು ಹೆಗಲು ಕೊಡೋದು. ಕಲಾಂ ಮಾಡಿದ್ದು ಲೆಕ್ಕ ಕೊಡೋದು. ನಾನು ಮೊದಲನೆಯದನ್ನು ಮಾಡಿ, ಎರಡನೆಯದೂ ಆಯಿತು ಅಂತ ತಿಳಿದುಕೊಂಡಿದ್ದೆ.

ಲೆಕ್ಕ ಕೊಡೋದು ಅಂದಾಗ ನನಗೆ ನೆನಪಾಗೋದು ನಮ್ಮ ಕಾಕಾ. ನಾನು ಎಂಟನೇ ಇಯತ್ತೆ ಇದ್ದಾಗ ಒಂದು ವರ್ಷ ಓಣಿ ಗಣಪತಿಯ ಉಸಾಬರಿ ಅವನ ಮೇಲಿತ್ತು. ಮನೆ ಮನೆಗೆ ಹೋಗಿ ಪಟ್ಟಿ ಎತ್ತಿ, ಮಂಟಪ ಹಾಕಿಸಿ, ಐದು ದಿನ ನಡೆಸಿ, ಗಣಪತಿ ಕಳಿಸಿದ ಮರುದಿನ ಸಂಜೆ ಎಲ್ಲರ ಮುಂದೆ ಜಮಾ-ಖರ್ಚು ಓದಬೇಕು. ಆ ವರ್ಷ ಮೈಕ್‌ಸೆಟ್ಟಿನವನು ಮುಂಗಡ ತಗೊಂಡು ಬಂದಿರಲೇ ಇಲ್ಲ. ಹಾಡಿಲ್ಲದ ಗಣಪತಿ ಆಗಿತ್ತು. ಕಾಕಾ ವಹಿ ಹಿಡಿದು ಹೂವು, ಮಂಡಕ್ಕಿ, ಪೆಂಡಾಲು ಅಂತ ಓದುತ್ತಾ ಬಂದು ಅದೇ ದನಿಯಲ್ಲಿ ಓದಿದ: "ಮೈಕ್‌ಸೆಟ್ಟಿನಂವಗ ಮುಂಗಡ ಒಂದೂವರಿ ಸಾವಿರ. ಮುಳುಗ್ತು. ಅಂವಗ ರೊಕ್ಕ ಕೊಡಬ್ಯಾಡ್ರಿ ಅಂತ ಬಡಿಗ್ಯಾರ ಹುಡುಗ ಹೇಳಿದ್ದ. ನಾ ಕೇಳಲಿಲ್ಲ."

ಜನ ನಕ್ಕರು. ಒಬ್ಬ ಹಿರಿಯ, "ಮುಂದಿನ ವರ್ಷ ಅವನ್ನ ಕೇಳಿ ಕೊಡಪಾ" ಅಂದ. ಅಷ್ಟಕ್ಕೇ ಮುಗಿಯಿತು. ಮುಂದಿನ ವರ್ಷ ಹದಿನೇಳು ವರ್ಷದ ಆ ಹುಡುಗನನ್ನೇ ಮೈಕ್‌ಸೆಟ್ ಗೊತ್ತು ಮಾಡೋಕೆ ಕಳಿಸಿದರು. ಇದರಲ್ಲಿ ಏನು ದೊಡ್ಡದು ಅಂತ ಆಗ ಅನ್ನಿಸಿರಲಿಲ್ಲ. ಕಾಕಾ "ರೊಕ್ಕ ಹೋದದ್ದು ನನ್ನ ತಪ್ಪು, ನಾನೇ ತುಂಬಿಕೊಡ್ತೇನಿ" ಅಂತ ದೊಡ್ಡಸ್ತಿಕೆ ತೋರಿಸಿ ಕೂರಬಹುದಿತ್ತು. ಜನ ಭೇಷ್ ಅನ್ನುತ್ತಿದ್ದರು. ಆದರೆ ಆ ಹುಡುಗ ಹೇಳಿದ ಮಾತು ಎಲ್ಲಿಯೂ ಉಳಿಯುತ್ತಿರಲಿಲ್ಲ. ಮುಂದೆ ಅವನು ಬಾಯಿ ತೆರೆಯುತ್ತಲೂ ಇರಲಿಲ್ಲ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಯಾವ ತಪ್ಪು? ದಿನಾಂಕ ಮುಂದೂಡದೆ ಇದ್ದದ್ದಾ? ಇರಬಹುದು. ಆದರೆ ಅಷ್ಟು ಸಲೀಸಾಗಿ ಹೇಳೋಕೂ ಆಗಲ್ಲ. ಪ್ರಾಜೆಕ್ಟ್ ನಡೆಸಿದವರಿಗೆ ಗೊತ್ತಿರುತ್ತದೆ, ಯಾರಾದರೂ ಒಬ್ಬರು ದಿನಾ ಏನಾದರೂ ಒಂದು ಎಚ್ಚರಿಕೆ ಕೊಡುತ್ತಲೇ ಇರುತ್ತಾರೆ. ಎಲ್ಲದಕ್ಕೂ ನಿಂತರೆ ಯಾವ ಕೆಲಸವೂ ಮುಗಿಯಲ್ಲ. ಕೆಲವನ್ನು ಮೀರಲೇಬೇಕು, ಕೆಲವು ಸಲ ಸೋಲಲೇಬೇಕು. ಅದಕ್ಕೇ ಮ್ಯಾನೇಜರ್ ಅಂತ ಒಬ್ಬನನ್ನು ಇಟ್ಟಿರೋದು. ಜನ ಸೇರಿಸಿದ್ದು ತಪ್ಪಾ? ಅದು ಪೆದ್ದುತನ.

ನನ್ನ ತಪ್ಪು ಇದು: ಅವಳು ಬರೆದ ಸಾಲನ್ನು ನಾನು ಅಳಿಸಿದೆ. ಅಂಬರ್ ಅಂತಲೇ ಬಿಟ್ಟು, "ಟೆಸ್ಟಿಂಗ್‌ನವರು ಮೂರು ವಾರ ಕೇಳುತ್ತಿದ್ದಾರೆ, ನಾನು ಹನ್ನೊಂದು ದಿನದಲ್ಲೇ ಹೋಗೋಣ ಅನ್ನುತ್ತಿದ್ದೇನೆ, ಕಾರಣ ಇಂಥದ್ದು" ಅಂತ ಬರೆಯಬಹುದಿತ್ತು. ಆಗ ಮೇಲಿನವರು, ಕ್ಲೈಂಟಿನವರು, ಯಾರಾದರೂ ಒಬ್ಬರು "ನಿಲ್ಲಿ" ಅನ್ನುವ ಅವಕಾಶ ಇರುತ್ತಿತ್ತು. ಅನ್ನದೆಯೂ ಇರಬಹುದಿತ್ತು. ಆ ಅವಕಾಶವನ್ನು ನಾನು ಅವರ ಕೈಯಿಂದ ಕಿತ್ತುಕೊಂಡೆ, ಅವರಿಗೆ ತಿಳಿಯದ ಹಾಗೆ.

ಇದು ಸಣ್ಣ ವಿಷಯ ಅನ್ನಿಸಿದರೆ ಚಾಲೆಂಜರ್ ನೆನಪಿಸಿಕೊಳ್ಳಿ. 1986ರ ಜನವರಿ 27ರ ರಾತ್ರಿ, ರಾಕೆಟ್‌ನ ಭಾಗ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು, ರೋಜರ್ ಬೋಯ್ಸ್‌ಜೋಲಿ ಮತ್ತು ಜೊತೆಯವರು, ಚಳಿ ಜಾಸ್ತಿ ಇದೆ, ರಬ್ಬರ್ ಉಂಗುರಗಳು ಕೈಕೊಡುತ್ತವೆ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಹಾರಿಸಬೇಡಿ ಅಂತ ಫೋನಿನಲ್ಲಿ ವಾದಿಸಿದರು. ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್. ನಾಸಾದವರು ಒಪ್ಪದೆ ಪ್ರಶ್ನೆ ಮಾಡಿದ ಮೇಲೆ ಅವರ ಮ್ಯಾನೇಜರ್‌ಗಳು ಒಳಗೆ ಕೂತು ಮಾತಾಡಿ, ಹಾರಿಸಬಹುದು ಅಂದರು. ಮರುದಿನ 73 ಸೆಕೆಂಡಿನಲ್ಲಿ ಏಳು ಜನ ಹೋದರು. ತನಿಖಾ ಆಯೋಗ ಕಂಡುಕೊಂಡದ್ದರಲ್ಲಿ ನನ್ನನ್ನು ತಟ್ಟಿದ್ದು ಇದು: ಕೊನೆಯ ತೀರ್ಮಾನ ತೆಗೆದುಕೊಂಡವರಿಗೆ ಎಂಜಿನಿಯರ್‌ಗಳು ಮೊದಲು ಬೇಡ ಅಂದಿದ್ದ ವಿಷಯವೇ ಗೊತ್ತಿರಲಿಲ್ಲ. ಆ ಮಾತು ಮೇಲೆ ಹೋಗುವ ದಾರಿಯಲ್ಲಿ ಉದುರಿಹೋಗಿತ್ತು. ನನ್ನ ಅಂಬರ್‌ನ ಹಾಗೆ.

"ತಪ್ಪು ನನ್ನದು" ಅನ್ನೋ ಮಾತು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡಿತು ಅಂತಲೂ ಈಗ ಅರ್ಥವಾಗುತ್ತದೆ. ತಲೆ ತಗ್ಗಿಸಿ ನಿಂತವನನ್ನು ಯಾರೂ ಮುಂದಕ್ಕೆ ಕೇಳುವುದಿಲ್ಲ. ಕೇಳಿದ್ದರೆ ಮಂಗಳವಾರದ ಮಾತು ಹೊರಗೆ ಬರುತ್ತಿತ್ತು. ತಂಡವನ್ನು ಕೇಳದೆ ದಿನಾಂಕ ಕೊಟ್ಟವರು ಯಾರು ಅನ್ನೋದೂ ಬರುತ್ತಿತ್ತು. ನನ್ನ ಆ ಒಂದು ವಾಕ್ಯ ಎಲ್ಲ ಬಾಗಿಲು ಹಾಕಿತು. ಅದರಿಂದ ಎಲ್ಲರಿಗಿಂತ ಹೆಚ್ಚು ರಕ್ಷಣೆ ಸಿಕ್ಕಿದ್ದು ನನಗೆ, ಆಮೇಲೆ ನನ್ನ ಮೇಲಿನವರಿಗೆ. ಅವಳಿಗೆ ಅಲ್ಲ.

ಇದಕ್ಕೆ ಸ್ನೇಹಿತರೊಬ್ಬರು ಹೇಳಿದ ಆಕ್ಷೇಪವನ್ನೂ ಬರೆಯಬೇಕು. "ಈಗೆಲ್ಲ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತೀವಿ, ಯಾರನ್ನೂ ದೂರಬಾರದು. ಯಾರು ಏನು ಹೇಳಿದ್ರು ಅಂತ ಕೆದಕಿದ್ರೆ ತಿರುಗಿ ದೂರೋದೇ ಆಗಲ್ವಾ?" ನಾನು ಒಪ್ಪುವುದಿಲ್ಲ. ದೂರಬಾರದು ಅನ್ನೋ ನಿಯಮ ಇರೋದೇ ಜನ ಹೆದರದೆ ವಿವರ ಬಿಚ್ಚಿಡಲಿ ಅಂತ. ವಿವರವನ್ನೇ ಬಿಟ್ಟು ದೂರೂ ಬಿಟ್ಟರೆ ಉಳಿಯೋದು ಸೌಜನ್ಯ ಅಷ್ಟೇ. ಅವನ ಇನ್ನೊಂದು ಮಾತಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. "ಹೋಮ್ ಲೋನ್ ಇರೋನು, ಊರಿಗೆ ದುಡ್ಡು ಕಳಿಸೋನು ಹಿಂಗೆಲ್ಲ ಮಾಡಕ್ಕಾಗಲ್ಲ ಮಾರಾಯ" ಅಂದ. ನಿಜ. ಲೆಕ್ಕ ಕೊಡೋಕೆ ಎಲ್ಲರ ಹತ್ತಿರ ಒಂದೇ ಅಳತೆಯ ಧೈರ್ಯ ಇರಲ್ಲ, ಇರಬೇಕು ಅಂತ ಕೇಳೋದೂ ನ್ಯಾಯ ಅಲ್ಲ. ಆದರೆ ಕೆಳಗಿರುವ ಮೂರು ವರ್ಷದ ಅನುಭವದವಳು ಹೇಳುವ ಧೈರ್ಯ ಮಾಡಿದ್ದಳಲ್ಲ, ಅವಳಿಗಿಂತ ನನಗೆ ಕಳೆದುಕೊಳ್ಳೋದು ಜಾಸ್ತಿ ಇತ್ತಾ? ಇರಲಿಲ್ಲ.

ತಡವಾಗಿ, ಐದು ತಿಂಗಳ ಮೇಲೆ, ಆ ಕಾಲ್‌ನಲ್ಲಿದ್ದ ಎಲ್ಲರಿಗೂ ಒಂದು ಮೇಲ್ ಬರೆದೆ. ಅದಕ್ಕೆ ಮೊದಲು ಅವಳನ್ನು ಕೇಳಿದೆ, ಯಾಕೆಂದರೆ ಎಚ್ಚರಿಸಿದವಳು ಅಂತ ಹೆಸರು ಬರೋದು ಎಲ್ಲ ಕಡೆ ಒಳ್ಳೆಯದಾಗಿಯೇ ಇರಲ್ಲ. "ಹೆಸರು ಬೇಡ, ಟೆಸ್ಟಿಂಗ್ ಅಂತ ಬರೀರಿ ಸಾಕು," ಅಂದಳು. ಕಾಕಾನ ವಹಿಯ ಥರ ಬರೆದೆ. ಮಂಗಳವಾರ ಟೆಸ್ಟಿಂಗ್‌ನಿಂದ ಈ ಎಚ್ಚರಿಕೆ ಬಂತು. ಗುರುವಾರ ನಾನು ಅಂಬರನ್ನು ಗ್ರೀನ್ ಮಾಡಿದೆ. ಮೂರು ವಾರ ಕೇಳಿದ್ದರು, ನಾನು ನಿಮಗೆ ತಿಳಿಸಲಿಲ್ಲ.

ಕಳಿಸಿದ ಮೇಲೆ ಆಕಾಶ ಬೀಳಲಿಲ್ಲ. ಮೇಲಿನವರು ಫೋನ್ ಮಾಡಿ, "ಮುಗಿದ ವಿಷಯ, ಈಗ ಇದು ಯಾಕೆ ಬೇಕಿತ್ತು?" ಅಂದರು. ಮುಂದಿನ ಅಪ್ರೈಸಲ್‌ನಲ್ಲಿ ಓನರ್‌ಶಿಪ್ ಅನ್ನೋ ಪದ ಇರಲಿಲ್ಲ, ಬಡ್ತಿಯೂ ಇರಲಿಲ್ಲ. ಮೇಲ್‌ನಿಂದಲೇ ಹಾಗಾಯಿತು ಅಂತ ಹೇಳೋಕೆ ಆಗಲ್ಲ. ಕ್ಲೈಂಟ್ ಕಡೆಯ ಮ್ಯಾನೇಜರ್ ಒಂದು ಸಾಲಿನ ಉತ್ತರ ಕಳಿಸಿದರು: ಇನ್ನು ಮುಂದೆ ರಿಪೋರ್ಟಿನ ಜೊತೆ ಟೆಸ್ಟಿಂಗ್‌ನವರ ಮೂಲ ಟಿಪ್ಪಣಿಯನ್ನೂ ಕಳಿಸಿ. ಆ ಗುರುವಾರದಿಂದ ಹಾಗೇ ಕಳಿಸುತ್ತಿದ್ದೇವೆ. ಆ ಹುಡುಗಿ ಏನೂ ಹೇಳಲಿಲ್ಲ. ಎರಡು ವಾರ ಬಿಟ್ಟು ಅವಳ ಸಾಲುಗಳಲ್ಲಿ ಒಂದು ಅಂಬರ್ ಬಂತು. ಓದಿದೆ, ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅಂತ ಕೆಳಗೆ ಬರೆದು ಅಂಬರ್ ಆಗಿಯೇ ಕಳಿಸಿದೆ. ಆ ಸಲ ಅವಳು ಹೆದರಿದಂತೆ ಏನೂ ಆಗಲಿಲ್ಲ. ಅವಳು ನಕ್ಕು, "ಈ ಸಲ ನೀವೇ ಸರಿ" ಅಂದಳು.

ಒಂದು ಲೆಕ್ಕ ಬಾಕಿ ಇದೆ. ನವೆಂಬರ್ 3ರ ತನಕ ಪಾಲಿಸಿ ಇದ್ದ ಆ ಹಿರಿಯರಿಗೆ, ಎರಡು ದಿನ ದುಡ್ಡಿಗೆ ಓಡಾಡಿದ ಅವರ ಮಗನಿಗೆ "ತಾಂತ್ರಿಕ ತೊಂದರೆಗಾಗಿ ವಿಷಾದಿಸುತ್ತೇವೆ" ಅಂತ ಒಂದು ಮೆಸೇಜ್ ಹೋಗಿತ್ತು. ಆ ಒಕ್ಕಣೆಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ತಾಂತ್ರಿಕ ತೊಂದರೆ ಅಲ್ಲ ಅದು, ಒಬ್ಬ ಮನುಷ್ಯ ಒಂದು ಗುರುವಾರ ಸಂಜೆ ಮಾಡಿದ ಕೆಲಸ ಅಂತ ಅವರಿಗೆ ಯಾರೂ ಹೇಳಿಲ್ಲ. ನನಗೆ ಅವರ ಹೆಸರು ಗೊತ್ತಿಲ್ಲ. ಪಾಲಿಸಿ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ನೆನಪಿದೆ.